ಗೋಸುಂಬೆ ಗೂಡಿಗೆ ಎಂಥ ಕೊಂಬೆ ಹಾಕಬೇಕು? ಮರಗಳ ಪಟ್ಟಿ ನೋಡಿ ನೋಡಿ ತಲೆ ಕೆಟ್ಟಿದೆ

ಹಸುರೆಲೆ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಗಂಡು ವೇಲ್ಡ್ (veiled) ಜಾತಿಯ ಗೋಸುಂಬೆ ಇದೆ. ಇನ್ನೂ ಮರಿ, ಆದರೆ ಬೇಗ ಬೇಗ ಬೆಳೆಯುತ್ತಿದೆ. ಈಗಿನ ಗೂಡು ಸಾಲದು ಅಂತ 60 ಸೆಂ.ಮೀ. ಉದ್ದ, 60 ಅಗಲ, 120 ಎತ್ತರದ ಗೂಡು ತಂದಿಟ್ಟಿದ್ದೇನೆ. ಅಲ್ಯೂಮಿನಿಯಂ ಫ್ರೇಮು, ಸುತ್ತ ತೆಳುವಾದ ಮೆಶ್. ಒಳಗೆ ಸದ್ಯಕ್ಕೆ ಏನೂ ಇಲ್ಲ, ಖಾಲಿ.

ತೊಡಕು ಇರುವುದು ಕೊಂಬೆಗಳದ್ದು. ಯಾವ ಮರ ಸೇಫ್ ಅಂತ ಹುಡುಕಿದರೆ ಹತ್ತು ಪಟ್ಟಿ ಸಿಗುತ್ತವೆ, ಹತ್ತೂ ಬೇರೆ ಬೇರೆ ಹೇಳುತ್ತವೆ. ಒಂದರಲ್ಲಿ ಸೇಬಿನ ಮರ ಒಳ್ಳೆಯದು, ಇನ್ನೊಂದರಲ್ಲಿ ಬೀಜದಲ್ಲಿ ವಿಷ ಇದೆ ಹಾಗಾಗಿ ಬೇಡ. ಒಬ್ಬರು ಕೊಂಬೆಯನ್ನು ಓವನ್‌ನಲ್ಲಿ ಕಾಯಿಸದೆ ಒಳಗೆ ಇಡಲೇಬೇಡಿ ಅನ್ನುತ್ತಾರೆ, ಇನ್ನೊಬ್ಬರು ಸುಮ್ನೆ ತೊಳೆದರೆ ಸಾಕು ಅನ್ನುತ್ತಾರೆ. ಯಾರನ್ನು ನಂಬುವುದು?

ಈಗಿನ ಗೂಡಿನಲ್ಲಿ ಎರಡು ಉರುಟು ಕೋಲು ಅಡ್ಡ ಹಾಕಿದೆ, ಅಂಗಡಿಯಲ್ಲಿ ಸಿಗುವ ನಯವಾದ ಕೋಲು. ಅದರ ಮೇಲೆ ನಡೆಯುವಾಗ ಹಿಂಗಾಲು ಪಕ್ಕಕ್ಕೆ ಜಾರುತ್ತದೆ, ತಕ್ಷಣ ಬಾಲ ಸುತ್ತಿಕೊಂಡು ನಿಂತುಬಿಡುತ್ತಾನೆ. ಅರ್ಧ ದಿನ ಕೋಲು ಬಿಟ್ಟು ಜಾಲರಿಗೇ ಅಂಟಿಕೊಂಡಿರುತ್ತಾನೆ. ಹೊಸ ಗೂಡಿನಲ್ಲಾದರೂ ಸರಿಯಾಗಿ ಮಾಡೋಣ ಅಂತ.

ನನಗೆ ಬೇಕಾಗಿರುವುದು ಇಷ್ಟು. ಯಾವ ಮರ, ಎಷ್ಟು ದಪ್ಪ, ಹೇಗೆ ಸ್ವಚ್ಛ ಮಾಡುವುದು, ಮೆಶ್ ಹರಿಯದ ಹಾಗೆ ಹೇಗೆ ಕಟ್ಟುವುದು. ಅಂಗಡಿಯಲ್ಲಿ ಬಗ್ಗಿಸಬಹುದಾದ ಪ್ಲಾಸ್ಟಿಕ್ ಬಳ್ಳಿ ಸಿಗುತ್ತದಲ್ಲ, ಅದನ್ನೇ ಪೂರ್ತಿ ಹಾಕಿಬಿಟ್ಟರೆ ಈ ತಲೆನೋವೇ ಇರಲ್ಲ ಅಲ್ವಾ?

ಮರಹತ್ತಿ:

ಪಟ್ಟಿಗಳನ್ನು ಸ್ವಲ್ಪ ಪಕ್ಕಕ್ಕಿಡಿ. ಅವುಗಳಲ್ಲಿ ಎಷ್ಟೋ ಗಿಣಿ ಸಾಕುವವರಿಗೆ ಅಂತ ಮಾಡಿದ ಪಟ್ಟಿಗಳು, ಯಾರೋ ಎತ್ತಿ ಇಲ್ಲಿ ಅಂಟಿಸಿರುತ್ತಾರೆ. ಗಿಣಿ ಕೊಂಬೆಯನ್ನು ದಿನಾ ಕಡಿದು ಪುಡಿ ಮಾಡುತ್ತದೆ. ಗೋಸುಂಬೆ ಮರ ಕಡಿಯುವ ಪ್ರಾಣಿ ಅಲ್ಲ. ಅದಕ್ಕೆ ಕೊಂಬೆ ಅಂದರೆ ನೆಲ. ಹಗಲೂ ರಾತ್ರಿ ಅದರ ಮೇಲೇ ಇರಬೇಕು, ಅಲ್ಲೇ ಬೇಟೆ, ಅಲ್ಲೇ ನಿದ್ದೆ. ಆದ್ದರಿಂದ ಮೊದಲು ಕೇಳಬೇಕಾದ್ದು ದಪ್ಪ ಎಷ್ಟು, ಎಲ್ಲಿ ಇಡಬೇಕು, ಅಲುಗಾಡುತ್ತದಾ ಅಂತ. ಯಾವ ಮರ ಅನ್ನುವುದು ಆಮೇಲಿನ ಪ್ರಶ್ನೆ. ವಿಷದ ಮರ ಒಳಗೆ ತರಬಾರದು ನಿಜ, ಆದರೆ ಗೋಸುಂಬೆಗಳು ಪೆಟ್ಟು ಮಾಡಿಕೊಳ್ಳುವುದು ಹೆಚ್ಚಾಗಿ ತಪ್ಪು ದಪ್ಪದ, ತಪ್ಪು ಜಾಗದ ಕೊಂಬೆಯಿಂದ.

ನಿಮ್ಮವನ ಪಾದ ಒಂದು ಸಲ ಹತ್ತಿರದಿಂದ ನೋಡಿ. ಐದು ಬೆರಳು ಎರಡು ಗುಂಪಾಗಿ ಕೂಡಿಕೊಂಡಿವೆ, ಇಕ್ಕಳದ ಹಾಗೆ. ಮುಂಗಾಲಿನಲ್ಲಿ ಒಳಗಡೆ ಮೂರು, ಹೊರಗಡೆ ಎರಡು. ಹಿಂಗಾಲಿನಲ್ಲಿ ಉಲ್ಟಾ, ಒಳಗೆ ಎರಡು, ಹೊರಗೆ ಮೂರು. ಈ ಪಾದ ಮಾಡಿರುವುದೇ ಹಿಡಿಯಲಿಕ್ಕೆ, ಚಪ್ಪಟೆ ಜಾಗದಲ್ಲಿ ಊರಲಿಕ್ಕಲ್ಲ. ಕೊಂಬೆ ತೀರಾ ದಪ್ಪ ಆದರೆ ಹಿಡಿತ ಸಿಗದೆ ಉಗುರಿನ ಮೇಲೇ ಭಾರ ಬೀಳುತ್ತದೆ. ತೀರಾ ತೆಳು ಆದರೆ ಬೆರಳುಗಳು ಕೆಳಗೆ ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ. ಸುಮಾರಾಗಿ ನೋಡಬೇಕಾದ್ದು ಇಷ್ಟೇ: ಹಿಡಿದು ನಿಂತಾಗ ಬೆರಳುಗಳು ಕೊಂಬೆಯ ಅರ್ಧಕ್ಕಿಂತ ಜಾಸ್ತಿ ಸುತ್ತಬೇಕು, ಪೂರ್ತಿ ಸುತ್ತಿ ತಾಗಬಾರದು. ಈಗಿನ ಮರಿಗೆ ಪೆನ್ಸಿಲ್ ದಪ್ಪ ಮತ್ತು ಅದಕ್ಕಿಂತ ತೆಳುವಾದ ಕಡ್ಡಿಗಳು ಬೇಕು. ದೊಡ್ಡವನಾದ ಮೇಲೆ 1ರಿಂದ 2.5 ಸೆಂ.ಮೀ. ದಪ್ಪದವು ಮುಖ್ಯ ದಾರಿ ಆಗುತ್ತವೆ.

ಹಾಗಂತ ಎಲ್ಲವೂ ಒಂದೇ ಅಳತೆ ಇರಬಾರದು. ನಿಮ್ಮ ಉರುಟು ಕೋಲಿನ ತೊಂದರೆ ಅದೇ, ನಯ ಅನ್ನುವುದು ಒಂದು, ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ ಅನ್ನುವುದು ಇನ್ನೊಂದು. ದಿನಾ ಅದೇ ಜಾಗದಲ್ಲಿ ಒತ್ತಿ ಒತ್ತಿ ಅಂಗಾಲು ನೋಯುತ್ತದೆ, ಹುಣ್ಣಾಗುವುದೂ ಉಂಟು. ನಿಜವಾದ ಕೊಂಬೆಯಲ್ಲಿ ಗಂಟು, ಡೊಂಕು, ದಪ್ಪ, ತೆಳು ಎಲ್ಲ ಇರುತ್ತದೆ, ಪಾದ ಪ್ರತಿ ಹೆಜ್ಜೆಗೂ ಬೇರೆ ಥರ ಹಿಡಿಯುತ್ತದೆ. ಅವನು ಜಾಲರಿಗೆ ನೇತಾಡುವುದಕ್ಕೂ ಇದೇ ಕಾರಣ ಇರಬಹುದು. ಕೋಲಿಗಿಂತ ಅಲ್ಲೇ ಹಿಡಿತ ಚೆನ್ನಾಗಿದೆ. ಆದರೆ ಮೆಶ್‌ನ ಸಣ್ಣ ಕಣ್ಣಿನಲ್ಲಿ ಉಗುರು ಸಿಕ್ಕಿ ಕಿತ್ತುಬರುತ್ತದೆ, ಹಾಗಾಗಿ ಅದು ಅಭ್ಯಾಸ ಆಗಲು ಬಿಡಬೇಡಿ.

ಜೋಡಣೆ ಬಗ್ಗೆ. ಹೊಸಬರು ಸಾಮಾನ್ಯವಾಗಿ ಕೊಂಬೆಗಳನ್ನು ಓರೆಯಾಗಿ, ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ನಿಲ್ಲಿಸುತ್ತಾರೆ, ಯಾಕೆಂದರೆ ಅದು ಸುಲಭ. ಓರೆ ಕೊಂಬೆ ಏಣಿ ಅಷ್ಟೆ, ಹತ್ತಿ ಇಳಿಯಲು ಸರಿ, ಕೂರಲು ಅಲ್ಲ. ಕೂರಲು ಮಟ್ಟಸವಾದ ಅಡ್ಡ ಕೊಂಬೆ ಬೇಕು. ಮೇಲಿನ ಮೂರನೇ ಒಂದು ಭಾಗದಲ್ಲಿ ಬೇರೆ ಬೇರೆ ಎತ್ತರಕ್ಕೆ ನಾಲ್ಕೈದು ಅಡ್ಡ ಕೊಂಬೆ ಕೊಡಿ. ಒಂದು ಬಿಸಿ ದೀಪದ ಹತ್ತಿರ, ಒಂದು ನೆರಳಿನಲ್ಲಿ, ಒಂದು ಎಲೆಗಳ ಹಿಂದೆ ಮರೆಯಲ್ಲಿ. ಅವುಗಳ ನಡುವೆ ಓಡಾಡಲು ಓರೆ ಕೊಂಬೆಗಳು. ಒಂದರಿಂದ ಇನ್ನೊಂದಕ್ಕೆ ಕೈ ಚಾಚಿದರೆ ಸಿಗುವಷ್ಟೇ ದೂರ ಇರಲಿ. ಗೋಸುಂಬೆ ಹಾರುವ ಪ್ರಾಣಿ ಅಲ್ಲ, ಮುಂದಿನ ಕೊಂಬೆ ಕೈಗೆ ಸಿಕ್ಕ ಮೇಲೇ ಹಿಂದಿನದನ್ನು ಬಿಡುತ್ತದೆ.

ನಿದ್ದೆಗೆ ಅಂತ ಬೇರೆಯೇ ಒಂದು ತೆಳು ಕೊಂಬೆ ಇಡಿ. ಕಾಡಿನಲ್ಲಿ ಇವು ಎಷ್ಟೋ ಸಲ ರೆಂಬೆಯ ತುದಿಗೆ ಹೋಗಿ ಮಲಗುತ್ತವೆ. ಹಾವು ಗೀವು ಬಂದರೆ ಆ ತೆಳು ತುದಿ ಅಲುಗಾಡಿ ಎಚ್ಚರ ಆಗುತ್ತದೆ ಅನ್ನುವ ಲೆಕ್ಕ. ಗೂಡಿನಲ್ಲೂ ಅಂಥದ್ದೊಂದು ಸಿಕ್ಕರೆ ನಿಮ್ಮವನು ತಾನೇ ಹುಡುಕಿಕೊಳ್ಳುತ್ತಾನೆ.

ಉಳಿಬಾಚಿ:

ಮರಹತ್ತಿ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ, ಆದರೆ ಮರ ಯಾವುದು ಅನ್ನುವುದನ್ನು ಅಷ್ಟು ಹಗುರ ಮಾಡಬೇಡಿ. ಗೋಸುಂಬೆ ಮರ ಕಡಿಯದೇ ಇರಬಹುದು, ಅದರ ನಾಲಿಗೆ ಕೊಂಬೆಗೆ ಬಡಿಯುತ್ತದೆ. ಕೊಂಬೆ ಮೇಲೆ ಕೂತ ಹುಳಕ್ಕೆ ಗುರಿ ಇಟ್ಟರೆ ಹುಳದ ಜೊತೆ ತೊಗಟೆ ಚೂರೂ ಬಾಯಿಗೆ ಹೋಗುತ್ತದೆ. ಮತ್ತೆ ವೇಲ್ಡ್ ಜಾತಿ ಎಲೆ ತಿನ್ನುತ್ತದೆ, ಚಿಗುರು ಇದ್ದ ಹಸಿ ಕೊಂಬೆ ಇಟ್ಟರೆ ಬಾಯಿ ಹಾಕದೆ ಬಿಡುವುದಿಲ್ಲ. ಒಳಗೆ ಬಿಟ್ಟ ಕ್ರಿಕೆಟ್ ಹುಳಗಳೂ ರಾತ್ರಿ ಎಲೆ ಕೆರೆದು ತಿನ್ನುತ್ತವೆ, ಬೆಳಿಗ್ಗೆ ಅವನ್ನು ಇವನು ತಿನ್ನುತ್ತಾನೆ.

ಖಂಡಿತ ಬೇಡ ಅನ್ನುವವು: ಕಣಗಿಲೆ. ಇದರ ಎಲೆ, ಕಾಂಡ, ಹೂವು ಎಲ್ಲವೂ ಹೃದಯಕ್ಕೆ ವಿಷ, ಒಣಗಿದರೂ ವಿಷ ಹೋಗುವುದಿಲ್ಲ. ಯೂ ಮರವೂ ಅಷ್ಟೇ. ಎಕ್ಕ, ಕಳ್ಳಿ ಥರ ಮುರಿದರೆ ಬಿಳಿ ಹಾಲು ಸುರಿಯುವವು ಬೇಡ, ಆ ಹಾಲು ಕಣ್ಣಿಗೆ ತಾಗಿದರೆ ಉರಿ ತಡೆಯಲಾಗದು. ಗೋಸುಂಬೆ ಕಣ್ಣು ಹೊರಗೆ ಚಾಚಿಕೊಂಡಿರುತ್ತದೆ, ಅದೂ ಅಲ್ಲದೆ ಅವು ಕಣ್ಣನ್ನು ಕೊಂಬೆಗೆ ಉಜ್ಜಿ ಸ್ವಚ್ಛ ಮಾಡಿಕೊಳ್ಳುತ್ತವೆ. ದತ್ತೂರ, ಹರಳು ಇವುಗಳ ಕಾಂಡವೂ ಬೇಡ.

ಪೈನ್, ದೇವದಾರು, ಸೀಡರ್ ಕುಲದವುಗಳಲ್ಲಿ ರಾಳ ಇರುತ್ತದೆ. ಒಣಗಿದ ಹಾಗೆ ಕಾಣುತ್ತದೆ, ದೀಪದ ಬಿಸಿ ತಾಗಿದರೆ ಮತ್ತೆ ಒಸರುತ್ತದೆ, ಪಾದಕ್ಕೆ ಅಂಟುತ್ತದೆ, ಘಾಟು ಬೇರೆ. ನೀಲಗಿರಿಯನ್ನು ಕೆಲವರು ಬಳಸುತ್ತಾರೆ, ನಾನು ಬಳಸುವುದಿಲ್ಲ. ಬೇರೆ ಮರ ಇಷ್ಟೊಂದು ಇರುವಾಗ ಎಣ್ಣೆ ವಾಸನೆ ಬರುವ ಮರಕ್ಕೆ ಯಾಕೆ ಕೈ ಹಾಕಬೇಕು? ಚೆರ್ರಿ, ಪ್ಲಮ್, ಪೀಚ್ ಇವು ಒಂದೇ ಕುಲ, ಇವುಗಳ ಎಲೆ ತೊಗಟೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ಚೆನ್ನಾಗಿ ಒಣಗಿದ ಬರೀ ಕಟ್ಟಿಗೆಯಿಂದ ಅಷ್ಟು ಅಪಾಯ ಇಲ್ಲದಿರಬಹುದು, ಎಲೆ ಇರುವ ಹಸಿ ರೆಂಬೆ ಮಾತ್ರ ಬೇಡ. ಸೇಬಿನ ಬೀಜದ ಮಾತು ಹಿಡಿದುಕೊಂಡು ಸೇಬಿನ ಕೊಂಬೆ ಬಿಸಾಕುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ಕೊಂಬೆಯಲ್ಲಿ ಬೀಜ ಎಲ್ಲಿಂದ ಬಂತು?

ಧೈರ್ಯವಾಗಿ ಬಳಸಬಹುದಾದವು ಅಂದರೆ ಸೀಬೆ, ದಾಸವಾಳ, ಹಿಪ್ಪುನೇರಳೆ, ದ್ರಾಕ್ಷಿ ಬಳ್ಳಿ, ಸೇಬು, ಪೇರ್, ಓಕ್, ವಿಲೋ, ಬರ್ಚ್. ಇಷ್ಟರಲ್ಲಿ ಯಾವುದಾದರೂ ಒಂದೆರಡು ಸಿಕ್ಕೇ ಸಿಗುತ್ತದೆ. ಬಿದಿರು ವಿಷ ಅಲ್ಲ, ಆದರೆ ಜಾರುತ್ತದೆ, ಟೊಳ್ಳು ತುದಿಯಲ್ಲಿ ನೀರು ನಿಲ್ಲುತ್ತದೆ, ಹುಳಗಳು ಒಳಗೆ ಸೇರಿ ಕೂರುತ್ತವೆ. ಮರ ಯಾವುದು ಅಂತ ಗುರುತು ಸಿಗದ ಕೊಂಬೆ ಎಷ್ಟು ಚೆಂದ ಇದ್ದರೂ ಬಿಟ್ಟುಬಿಡಿ.

ಮರದ ಹೆಸರಿಗಿಂತ ಅದು ಬೆಳೆದ ಜಾಗ ಮುಖ್ಯ ಆಗುವುದೂ ಉಂಟು. ಔಷಧಿ ಹೊಡೆದ ತೋಟದ್ದು ಬೇಡ, ವಾಹನ ಓಡಾಡುವ ರಸ್ತೆ ಬದಿಯದ್ದು ಬೇಡ. ಬಿದ್ದು ನೆಲದಲ್ಲಿ ಕೊಳೆತದ್ದೂ ಬೇಡ. ಹೆಬ್ಬೆರಳಿನ ಉಗುರು ಒತ್ತಿ ನೋಡಿ, ಒಳಗೆ ಇಳಿದರೆ ಆ ಕೊಂಬೆ ಒಲೆಗೆ. ಸೂಜಿ ತೂತು, ತೂತಿನ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕೊರೆಯುವ ಹುಳ ಇನ್ನೂ ಒಳಗಿದೆ.

ಇನ್ನು ಕೆಲಸದ ಮಾತು. ಹಸಿ ಕೊಂಬೆ ಒಣಗುವಾಗ ಕುಗ್ಗುತ್ತದೆ, ತುದಿಯಲ್ಲಿ ಬಿರುಕು ಬಿಡುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಕಡಿದು, ನೆರಳಲ್ಲಿ ಒಣಗಿಸಿ, ಆಮೇಲೆ ಬಿರುಕು ಬಿಟ್ಟ ತುದಿ ಕತ್ತರಿಸಿ ಅಳತೆಗೆ ತನ್ನಿ. ಹಸಿಯಾಗಿಯೇ ಕಟ್ಟಿದರೆ ಕೆಲವು ವಾರದಲ್ಲಿ ಸ್ಕ್ರೂ ಸಡಿಲ ಆಗುತ್ತದೆ. ರೆಂಬೆ ಮುರಿದ ಕಡೆ ಚೂಪು ಮೊನೆ ಉಳಿದಿರುತ್ತದಲ್ಲ, ಅದನ್ನು ಗರಗಸದಿಂದ ಕತ್ತರಿಸಿ ಉಪ್ಪುಕಾಗದ ಹಾಕಿ. ಉಪ್ಪುಕಾಗದ ಆ ಮೊನೆಗೆ ಮಾತ್ರ, ಇಡೀ ಕೊಂಬೆ ತಿಕ್ಕಿ ನಯ ಮಾಡಿದರೆ ಮತ್ತೆ ನಿಮ್ಮ ಉರುಟು ಕೋಲಿಗೇ ಬಂದು ನಿಲ್ಲುತ್ತೀರಿ. ಇಂಗ್ಲಿಷಿನ ವಿ ಆಕಾರದ ಕಿರಿದಾದ ಕವಲು ಇದ್ದರೆ ಅದರ ಸಂದಿಯಲ್ಲಿ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕವಲು ಕತ್ತರಿಸಿ, ಇಲ್ಲವೇ ಅಗಲ ಕವಲಿನದ್ದೇ ಆರಿಸಿ. ವಾರ್ನಿಷ್, ಪೇಂಟು, ಪಾಲಿಶ್ ಏನೂ ಬೇಡ.

ಮೆಶ್‌ಗೆ ಕೊಂಬೆಯ ಭಾರ ಹಾಕಲೇಬೇಡಿ, ಫ್ರೇಮಿಗೆ ಹಾಕಿ. ಗೂಡಿನ ಒಳಗಡೆ ಎರಡು ಪಕ್ಕಕ್ಕೆ ಒಂದೊಂದು ಮರದ ಪಟ್ಟಿ ಫ್ರೇಮಿಗೆ ಸೇರಿಸಿ ನಿಲ್ಲಿಸಿ, ಕೊಂಬೆಗಳನ್ನು ಆ ಪಟ್ಟಿಗೆ ಸ್ಕ್ರೂ ಮಾಡಿ. ಕೊಂಬೆಯ ತುದಿಗೆ ಮೊದಲು ಸಣ್ಣ ಡ್ರಿಲ್ ತೂತು ಹಾಕಿಕೊಳ್ಳಿ, ಇಲ್ಲದಿದ್ದರೆ ಸೀಳುತ್ತದೆ. ತುದಿಯ ಕಡೆಯಿಂದ ಹೋದ ಸ್ಕ್ರೂಗೆ ಹಿಡಿತ ಕಡಿಮೆ, ಆದ್ದರಿಂದ ಉದ್ದ ಸ್ಕ್ರೂ ಬಳಸಿ. ದಿನಾ ನೀರು ಬೀಳುವ ಜಾಗ, ಸ್ಟೇನ್‌ಲೆಸ್ ಸ್ಟೀಲ್ ಆದರೆ ತುಕ್ಕಿನ ಗೊಡವೆ ಇಲ್ಲ. ಮೆಶ್ ಮೂಲಕವೇ ಹಾಕಬೇಕಾಗಿ ಬಂದರೆ ಎರಡೂ ಕಡೆ ಅಗಲ ವಾಷರ್ ಕೊಡಿ. ಸಣ್ಣ ರೆಂಬೆಗಳಿಗೆ ಕೇಬಲ್ ಟೈ ಸಾಕು, ಗಂಟಿನ ಕಡೆ ಗೂಡಿನ ಹೊರಗೆ ಬರಲಿ, ಮಿಕ್ಕಿದ ಬಾಲವನ್ನು ನೇಲ್ ಕಟ್ಟರ್‌ನಿಂದ ಬುಡಕ್ಕೇ ಕತ್ತರಿಸಿ. ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದರೆ ಉಳಿದ ಚೂಪು ಚರ್ಮ ಗೀರುತ್ತದೆ. ಹಾಟ್ ಗ್ಲೂ ನಂಬಬೇಡಿ, ದೀಪದ ಹತ್ತಿರ ಮೆತ್ತಗಾಗುತ್ತದೆ.

ಕೊನೆಗೆ, ಅರ್ಧ ಲೀಟರ್ ನೀರಿನ ಬಾಟಲಿ ತುಂಬಿ ಪ್ರತಿ ದೊಡ್ಡ ಕೊಂಬೆಯ ನಡುವೆ ನೇತು ಹಾಕಿ ಒಂದು ರಾತ್ರಿ ಬಿಡಿ. ಅರ್ಧ ಕೆಜಿ ತಡೆದರೆ ಬೆಳೆದ ಗಂಡನ್ನೂ ಆರಾಮಾಗಿ ತಡೆಯುತ್ತದೆ.

ಮಂಜುಹನಿ:

ಸ್ವಚ್ಛ ಮಾಡುವ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಒಗ್ಗದ ಮಾತೂ ಇರಬಹುದು.

ಓವನ್ ಬೇಕಾಗಿಲ್ಲ. ಮೊದಲನೆಯದಾಗಿ 60 ಸೆಂ.ಮೀ. ಕೊಂಬೆ ಯಾರ ಓವನ್‌ಗೂ ಹಿಡಿಸುವುದಿಲ್ಲ. ಎರಡನೆಯದಾಗಿ ತೆಳು ರೆಂಬೆಗಳು ಕಾದು ಪಟಪಟ ಮುರಿಯುವ ಹಾಗೆ ಆಗುತ್ತವೆ, ಮರಿಗೆ ಬೇಕಾಗಿರುವುದೇ ಆ ತೆಳು ರೆಂಬೆಗಳು. ಬೆಂಕಿಯ ಅಪಾಯ ಬೇರೆ. ಅಷ್ಟೆಲ್ಲಾ ಮಾಡಿ ಕ್ರಿಮಿ ಇಲ್ಲದ ಕೊಂಬೆ ಒಳಗೆ ಇಟ್ಟರೂ ಒಂದೆರಡು ದಿನದಲ್ಲಿ ಅದರ ಮೇಲೆ ಹಿಕ್ಕೆ ಬೀಳುತ್ತದೆ. ನಾವು ಓಡಿಸಬೇಕಾದ್ದು ಇರುವೆ, ಗೆದ್ದಲು, ಜೇಡ, ಅವುಗಳ ಮೊಟ್ಟೆ, ಬೂಷ್ಟು, ಹಕ್ಕಿ ಹಿಕ್ಕೆ. ಅದಕ್ಕೆ ಗಟ್ಟಿ ಬ್ರಷ್ಷು, ಕುದಿಯುವ ನೀರು, ಬಿಸಿಲು ಸಾಕು. ತೊಗಟೆಯಲ್ಲಿ ಸಡಿಲ ಇರುವುದನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ಗಟ್ಟಿಯಾಗಿ ಅಂಟಿರುವುದು ಇರಲಿ, ಪೊರೆ ಬಿಡುವಾಗ ಮೈ ಉಜ್ಜಲು ಅದೇ ಬೇಕು. ಆಮೇಲೆ ಕುದಿಯುವ ನೀರು ತಿರುಗಿಸಿ ತಿರುಗಿಸಿ ಸುರಿಯಿರಿ. ಒಳ್ಳೆ ಬಿಸಿಲಿನಲ್ಲಿ ಪೂರ್ತಿ ಒಣಗುವ ತನಕ ಬಿಡಿ.

ಹಳೇ ಗೂಡಿನ ಕೊಂಬೆ, ಬೇರೆ ಪ್ರಾಣಿ ಬಳಸಿದ ಕೊಂಬೆ ಆದರೆ ಬ್ಲೀಚ್ ಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಸಿ, ವಾಸನೆ ಪೂರ್ತಿ ಹೋಗುವ ತನಕ ತೊಳೆದು ಒಣಗಿಸಿ. ಬ್ಲೀಚಿನ ಜೊತೆ ವಿನೆಗರ್ ಬೆರೆಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ಮರ ರಂಧ್ರ ರಂಧ್ರ ಇರುವ ವಸ್ತು, ಏನು ಹಾಕಿದರೂ ಒಳಗೆ ಹೀರಿಕೊಳ್ಳುತ್ತದೆ, ಸಾಬೂನು ಕೂಡ. ಹಾಗಾಗಿ ಹೊಸ ಕೊಂಬೆಗೆ ಸುಮ್ನೆ ಬಿಸಿನೀರು ಅಷ್ಟೇ.

ಬೂಷ್ಟಿನ ವಿಷಯ ಒಂದು. ರಾತ್ರಿ ತೇವ ಜಾಸ್ತಿ ಇರಬೇಕು, ಹಗಲು ಒಣಗಬೇಕು, ಇದು ಗೋಸುಂಬೆ ಗೂಡಿನ ನಿಯಮ. ಹಗಲೂ ಒಣಗದೇ ಇದ್ದರೆ ಕೊಂಬೆ ಮೇಲೆ ಬಿಳಿ ಬೂಷ್ಟು ಬರುತ್ತದೆ, ಅಂದರೆ ತೊಂದರೆ ಗಾಳಿ ಆಡುವುದರಲ್ಲಿ. ಕೊಂಬೆ ಬದಲಾಯಿಸಿ ಉಪಯೋಗ ಇಲ್ಲ. ಮಂಜಿನ ಹಾಗೆ ನೀರು ಚಿಮ್ಮಿಸುವ ಮಿಸ್ಟಿಂಗ್ ನಳಿಕೆಯ ನೇರ ಕೆಳಗೆ ಮುಖ್ಯ ಕೊಂಬೆ ಬರದ ಹಾಗೆ ನೋಡಿಕೊಳ್ಳಿ, ಅಲ್ಲಿ ಎಲೆಗಳಿರಲಿ. ಇವು ಬಟ್ಟಲಲ್ಲಿ ನೀರು ಕುಡಿಯುವುದು ಅಪರೂಪ, ಎಲೆ ಮೇಲಿನ ಹನಿ ನೆಕ್ಕುತ್ತವೆ.

ಹಗ್ಗ ಹಾಕಬೇಡಿ. ಸೆಣಬಿನ ಹಗ್ಗ ನೋಡಲು ಚೆಂದ, ಒದ್ದೆ ಆರುವುದೇ ಇಲ್ಲ, ನಾರು ಬಿಚ್ಚಿಕೊಂಡು ಬೆರಳಿಗೆ ಸುತ್ತಿಕೊಳ್ಳುತ್ತದೆ. ಗೊತ್ತಾಗುವ ಹೊತ್ತಿಗೆ ಬೆರಳು ಊದಿರುತ್ತದೆ.

ಉಳಿಬಾಚಿ:

ಓವನ್ ಬಗ್ಗೆ ಸ್ವಲ್ಪ ತಕರಾರು ಇದೆ. ದಪ್ಪ, ಗಿಡ್ಡ ಕೊಂಬೆಯ ಒಳಗೆ ಕೊರೆಯುವ ಹುಳ ಇದ್ದರೆ ಮೇಲೆ ಸುರಿದ ನೀರು ಅಲ್ಲಿಗೆ ತಲುಪುವುದಿಲ್ಲ. ಅಂಥದ್ದಕ್ಕೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಒಂದು ಗಂಟೆ, ಪಕ್ಕದಲ್ಲೇ ನಿಂತು ನೋಡಿಕೊಂಡು. ಆದರೆ ಹುಳ ಬಿದ್ದ ಕೊಂಬೆಯನ್ನು ಉಳಿಸಿಕೊಳ್ಳಲೇಬೇಕಾ ಅಂದರೆ, ಬೇಡ. ಹಾಗಾಗಿ ನಿಮ್ಮ ಮಾತೇ ಸರಿ ಅಂತಿಟ್ಟುಕೊಳ್ಳೋಣ.

ನಿಧಾನಿ:

ಪ್ಲಾಸ್ಟಿಕ್ ಬಳ್ಳಿ ಕೇಳಿದ್ದಿರಿ. ಎರಡು ಥರ ಬರುತ್ತವೆ. ಒಳಗೆ ತಂತಿ, ಮೇಲೆ ಗಟ್ಟಿ ರಬ್ಬರಿನಂಥ ಹೊದಿಕೆ ಇರುವುದು ಪರವಾಗಿಲ್ಲ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ದಾರಿ ಮಾಡಲು ಚೆನ್ನಾಗಿದೆ. ಎರಡು ತುದಿಯಲ್ಲಿ ತಂತಿ ಹೊರಗೆ ಇಣುಕದ ಹಾಗೆ ನೋಡಿಕೊಳ್ಳಿ. ಇನ್ನೊಂದು ಥರದ್ದಕ್ಕೆ ಮೇಲೆ ಸ್ಪಂಜು, ಪಾಚಿಯ ಪುಡಿ ಅಂಟಿಸಿರುತ್ತಾರೆ. ಬೆರಳಿಂದ ಜೋರಾಗಿ ಉಜ್ಜಿ ನೋಡಿ, ಪುಡಿ ಉದುರಿದರೆ ಬೇಡ. ನಾಲಿಗೆಗೆ ಅಂಟಿಕೊಂಡು ಹೊಟ್ಟೆಗೆ ಹೋಗುತ್ತದೆ, ಕರುಳಲ್ಲಿ ಕಟ್ಟಿಕೊಂಡರೆ ವೆಟ್ ಹತ್ತಿರ ಓಡಬೇಕು. ಒದ್ದೆಯಾದ ಸ್ಪಂಜು ಬೇಗ ನಾರುತ್ತದೆ ಕೂಡ. ಏನೇ ಆದರೂ ಪೂರ್ತಿ ಗೂಡು ಬಳ್ಳಿಯಿಂದಲೇ ತುಂಬಬೇಡಿ, ಅದೂ ಒಂದೇ ದಪ್ಪವೇ ಅಲ್ವಾ.

ನಾನು ಹೇಳಬೇಕು ಅಂದುಕೊಂಡದ್ದು ಬೀಳುವುದರ ಬಗ್ಗೆ. ಗೋಸುಂಬೆ ಬೀಳುತ್ತದೆ. ಹೆದರಿದರೆ ಬೇಕಂತಲೇ ಹಿಡಿತ ಬಿಟ್ಟು ಬೀಳುವುದೂ ಇದೆ, ಕಾಡಿನಲ್ಲಿ ಅದು ತಪ್ಪಿಸಿಕೊಳ್ಳುವ ಉಪಾಯ, ಅಲ್ಲಿ ಕೆಳಗೆ ಪೊದೆ ಇರುತ್ತದೆ. 120 ಸೆಂ.ಮೀ. ಗೂಡಿನಲ್ಲಿ ಮೇಲೆಲ್ಲ ಕೊಂಬೆ, ಕೆಳಗೆ ಬರೀ ಪ್ಲಾಸ್ಟಿಕ್ ತಟ್ಟೆ ಇದ್ದರೆ ನೇರ ತಟ್ಟೆಗೇ ಬಡಿಯುತ್ತದೆ. ಆದ್ದರಿಂದ ನಡುವೆ ಎಲೆ ತುಂಬಿದ ಗಿಡ ಇರಲಿ. ಮನಿ ಪ್ಲಾಂಟ್, ದಾಸವಾಳ, ಅಂಬ್ರೆಲಾ ಪ್ಲಾಂಟ್ ಅನ್ನುವ ಶೆಫ್ಲೆರಾ ಇವನ್ನೆಲ್ಲ ಗೋಸುಂಬೆ ಸಾಕುವವರು ಬಹಳ ಕಾಲದಿಂದ ಇಡುತ್ತಾ ಬಂದಿದ್ದಾರೆ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರುತ್ತಾರೆ, ಎಲೆ ತೊಳೆದು ಮಣ್ಣು ಬದಲಾಯಿಸಿ ಕೆಲವು ವಾರ ಹೊರಗೇ ಇಟ್ಟು ಆಮೇಲೆ ಒಳಗೆ ತನ್ನಿ.

ವಯಸ್ಸಾದ ಗೋಸುಂಬೆಗೆ, ಕ್ಯಾಲ್ಸಿಯಂ ಕೊರತೆಯಿಂದ ಕಾಲು ಸೊಟ್ಟ ಆದದ್ದಕ್ಕೆ ಲೆಕ್ಕ ಬೇರೆ. ಅವಕ್ಕೆ ಕೊಂಬೆಗಳು ಒತ್ತೊತ್ತಾಗಿ, ತಗ್ಗಿನಲ್ಲಿ, ಒರಟು ತೊಗಟೆಯವು ಬೇಕು. ಮೇಲೆ ಹತ್ತಲು ಆಗದ ಪ್ರಾಣಿಗೆ ಬಿಸಿಯೂ ಸಿಗಲ್ಲ. ಹಾಗಾಗಿ ದೀಪವನ್ನೇ ಕೆಳಗೆ ಇಳಿಸಬೇಕಾಗುತ್ತದೆ.

ಹಸುರೆಲೆ:

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಉರುಟು ಕೋಲು ಇವತ್ತೇ ತೆಗೆದೆ. ಪರಿಚಯದವರ ಹಿತ್ತಲಲ್ಲಿ ಸೀಬೆ ಮರ ಸವರಿದ್ದಾರೆ, ಔಷಧಿ ಹೊಡೆಯುವವರಲ್ಲ, ಕೇಳಿ ಖಚಿತ ಮಾಡಿಕೊಂಡೆ. ಒಳ್ಳೊಳ್ಳೆ ಡೊಂಕು ಕೊಂಬೆಗಳು ಸಿಕ್ಕಿವೆ, ಕೆಲವು ಬೆರಳು ದಪ್ಪ, ಕೆಲವು ಪೆನ್ಸಿಲ್‌ಗಿಂತ ತೆಳು. ಆದರೆ ಅದರ ತೊಗಟೆ ಹಾಳೆ ಹಾಳೆಯಾಗಿ ಏಳುತ್ತದೆ, ಕೆಳಗೆ ನುಣ್ಣಗಿದೆ. ಎದ್ದದ್ದನ್ನೆಲ್ಲ ಕಿತ್ತರೆ ಜಾರುತ್ತದಾ ಅಂತ ಅನುಮಾನ.

ಇನ್ನೊಂದು, ದೀಪದ ಕೆಳಗಿನ ಕೊಂಬೆ ಎಷ್ಟು ದೂರ ಇರಬೇಕು? ಬಿಸಿ ಬಲ್ಬು ಮತ್ತು ಯುವಿಬಿ (ಬಿಸಿಲಿನಲ್ಲಿರುವ ನೇರಳಾತೀತ ಕಿರಣ) ಕೊಡುವ ಟ್ಯೂಬು ಎರಡೂ ಗೂಡಿನ ಮೇಲೆ, ಮೆಶ್ ಆಚೆ ಇಡುತ್ತೇನೆ.

ಉಳಿಬಾಚಿ:

ಸೀಬೆ ತೊಗಟೆ ಹಾಗೇ. ಎದ್ದು ನಿಂತ ಹಾಳೆ ಕಿತ್ತುಬಿಡಿ, ನಾಲಿಗೆಗೆ ಅಂಟಿ ಹೋಗುವುದು ಅದೇ. ಅಂಟಿಕೊಂಡಿರುವುದನ್ನು ಕೆರೆಯಬೇಡಿ. ಬೆರಳು ದಪ್ಪದ ಕೊಂಬೆ ನುಣ್ಣಗಿದ್ದರೂ ಡೊಂಕು ಮತ್ತು ಗಂಟು ಇದ್ದರೆ ಹಿಡಿತ ಸಿಗುತ್ತದೆ. ತೀರಾ ನುಣುಪು ಅನ್ನಿಸಿದ ಕಡೆ ಗರಗಸದ ಹಲ್ಲನ್ನು ಅಡ್ಡಡ್ಡ ಹಗುರವಾಗಿ ಎಳೆಯಿರಿ, ಕಣ್ಣಿಗೆ ಕಾಣದಷ್ಟು ಗೀರು ಸಾಕು. ಎಳೆದ ಮೇಲೆ ಅಂಗೈ ಸವರಿ ಸಿಬಿರು ಎದ್ದಿದೆಯಾ ನೋಡಿ.

ಮರಹತ್ತಿ:

ದೀಪದ ದೂರ ಎಷ್ಟು ಅಂತ ಒಂದೇ ಅಂಕಿ ಹೇಳಲು ಬರುವುದಿಲ್ಲ. ಬಲ್ಬು ಯಾವುದು, ಮೆಶ್ ಎಷ್ಟು ದಟ್ಟ ಅನ್ನುವುದರ ಮೇಲೆ ಹೋಗುತ್ತದೆ. ಮೆಶ್ ಸ್ವಲ್ಪ ಯುವಿಬಿ ತಿನ್ನುತ್ತದೆ, ದಟ್ಟ ಇದ್ದಷ್ಟೂ ಜಾಸ್ತಿ ತಿನ್ನುತ್ತದೆ. ಶುರುವಿಗೆ ಮೇಲಿನ ಜಾಲರಿಯಿಂದ 20ರಿಂದ 25 ಸೆಂ.ಮೀ. ಕೆಳಗೆ ಕೊಂಬೆ ಕಟ್ಟಿ, ಅಲ್ಲಿಂದ ಅಳೆದು ಮೇಲೆ ಕೆಳಗೆ ಮಾಡಿ. ಬಿಸಿ ಮರಿಗೆ 27ರಿಂದ 29 ಡಿಗ್ರಿ, ದೊಡ್ಡ ಗಂಡಿಗೆ 30 ಆಸುಪಾಸು. ಯುವಿ ಇಂಡೆಕ್ಸ್, ಅಂದರೆ ಆ ಕಿರಣದ ತೀವ್ರತೆಯ ಅಳತೆ, 3ರ ಹತ್ತಿರ ಇರಲಿ, ಮೀಟರ್ ಇರುವವರು ಸಿಕ್ಕರೆ ಒಂದು ಸಲ ಅಳೆಸಿ. ಬಲ್ಬೂ ಟ್ಯೂಬೂ ಪಕ್ಕಪಕ್ಕ ಇರಬೇಕು, ಒಂದೇ ಕೊಂಬೆಯಲ್ಲಿ ಎರಡೂ ಸಿಗುವ ಹಾಗೆ.

ಆ ಕೊಂಬೆ ಮಾತ್ರ ಒಂದಿಷ್ಟೂ ಅಲುಗಾಡಬಾರದು, ಬೇರೆಯವು ಸ್ವಲ್ಪ ತೂಗಿದರೆ ಒಳ್ಳೆಯದೇ. ಅದಕ್ಕಿಂತ ಮೇಲೆ, ದೀಪದ ಹತ್ತಿರಕ್ಕೆ ಹೋಗುವ ಯಾವ ರೆಂಬೆಯೂ ಉಳಿಯದ ಹಾಗೆ ಕತ್ತರಿಸಿ. ಮೇಲಿನ ಜಾಲರಿಗೆ ಏರಿ ತಲೆಕೆಳಗಾಗಿ ನೇತಾಡುತ್ತಾ ಬೆನ್ನು ಸುಟ್ಟುಕೊಳ್ಳುವ ಗೋಸುಂಬೆಗಳು ಇವೆ, ಬಿಸಿ ನೋವಾಗುವ ಮಟ್ಟಕ್ಕೆ ಬಂದರೂ ಬೇಗ ಜಾಗ ಬಿಡುವುದಿಲ್ಲ. ಬಲ್ಬು ಜಾಲರಿಗೆ ತಾಗಿಸಿ ಇಡಬೇಡಿ, ಒಂದು ಸ್ಟ್ಯಾಂಡ್ ಕೊಟ್ಟು ಮೇಲೆ ಎತ್ತಿ.

ಅಳೆಯುವಾಗ ಥರ್ಮಾಮೀಟರ್ ಪ್ರೋಬನ್ನು ಕೊಂಬೆ ಮೇಲೆ ಮಲಗಿಸಬೇಡಿ, ಅವನು ಕೂತಾಗ ಬೆನ್ನು ಬರುವ ಎತ್ತರಕ್ಕೆ ಕಟ್ಟಿ. ಮರಿಗೆ ಅದು ಕೊಂಬೆಯಿಂದ ಎರಡು ಮೂರು ಸೆಂ.ಮೀ. ಮೇಲೆ ಅಷ್ಟೆ. ದೊಡ್ಡವನಾದ ಮೇಲೆ ಮೈಯೇ ಎತ್ತರ ಆಗುತ್ತದೆ, ವೇಲ್ಡ್ ಗಂಡಿಗೆ ತಲೆ ಮೇಲಿನ ಏಣು ಬೇರೆ ಬೆಳೆಯುತ್ತದೆ, ಮೊದಲು ಸುಡುವುದು ಅದೇ. ಹಾಗಾಗಿ ಬೆಳೆದಂತೆಲ್ಲ ಈ ಒಂದು ಕೊಂಬೆಯನ್ನು ಕೆಳಗೆ ಇಳಿಸುತ್ತಾ ಬರಬೇಕು. ಉಳಿಬಾಚಿಯವರು ಹೇಳಿದ ಮರದ ಪಟ್ಟಿ ಹಾಕುವುದಾದರೆ ಅದರಲ್ಲಿ ಈಗಲೇ ಕೆಳಗೆ ಇನ್ನೂ ಎರಡು ತೂತು ಹಾಕಿಟ್ಟುಕೊಳ್ಳಿ, ಆಮೇಲೆ ಅವನನ್ನು ಒಳಗೆ ಇಟ್ಟುಕೊಂಡು ಡ್ರಿಲ್ ಮಾಡುವ ಕೆಲಸ ತಪ್ಪುತ್ತದೆ.